ಅಪ್‌ಡೇಟ್: ಸ್ಕಾಟ್ಸ್ ಕಹಳೆಯ ಹೆಸರುಗಳು

ಸ್ಕಾಟ್‌ಲೆಂಡಿನ ಹಳೆಯ ಸ್ಕಾಟ್ಸ್ ಭಾಷೆಯಲ್ಲಿ ಕಹಳೆಗೂ ಅದನ್ನು ಊದುವವನಿಗೂ ಒಂದೇ ಹೆಸರೇ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ನೀವು ಸೂಚಿಸಿದ ಸ್ಕಾಟ್ಸ್ ನಿಘಂಟನ್ನು ಆನ್‌ಲೈನ್‌ನಲ್ಲಿ ನೋಡಿದೆ. ಹೌದು, ‘ಟ್ರಂಪೆಟ್’ ಎಂದರೆ ವಾದ್ಯವೂ ಆಗಬಹುದು, ವಾದಕನೂ ಆಗಬಹುದು. ಲೆಕ್ಕದ ಪುಸ್ತಕದಲ್ಲಿ ಸಂಬಳ ಪಡೆಯುತ್ತಿರುವ ‘ಟ್ರಂಪೆಟ್’ ಮನುಷ್ಯನೇ ಎಂಬುದರಲ್ಲಿ ಸಂಶಯ ಬೇಡ!

ನನಗೆ ಹೆಚ್ಚು ಹಿಡಿಸಿದ್ದು ಸ್ಕಾಟ್‌ಲೆಂಡಿನ ನಾಲ್ಕನೆಯ ಜೇಮ್ಸ್ ಅರಸನ ಖಜಾನೆ ಲೆಕ್ಕ. ಅಲ್ಲಿ ‘ಡ್ರಾಖ್ಟ್ ಟ್ರಂಪೆಟ್’ ಎಂಬ ವಾದ್ಯದ ಹೆಸರು ಬರುತ್ತದೆ. ‘ಡ್ರಾಖ್ಟ್’ ಎಂದರೆ ಎಳೆಯುವುದು. ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಸ್ವರ ಬದಲಿಸುವ, ಇಂದಿನ ಟ್ರೊಂಬೋನ್‌ನ ಪೂರ್ವಜ ಅದು. ಜೇಮ್ಸನ ಆಸ್ಥಾನದಲ್ಲಿ ಇಟಲಿಯ ವಾದಕರೂ ಇದ್ದರು.

ಇನ್ನು ‘ಟ್ರಂಪ್’. ಬಾರ್ಬರ್ ಕವಿ 1375ರ ಸುಮಾರಿಗೆ ಬರೆದ ‘ದಿ ಬ್ರೂಸ್’ ಕಾವ್ಯದಲ್ಲಿ ಅದು ರಣಕಹಳೆ. ಮುಂದೆ ಸ್ಕಾಟ್‌ಲೆಂಡಿನಲ್ಲಿ ಅದೇ ಪದ ಬಾಯಲ್ಲಿ ಹಿಡಿದು ಮೀಟುವ ಪುಟ್ಟ ವಾದ್ಯಕ್ಕೂ ಅಂಟಿಕೊಂಡಿತು. ನಮ್ಮ ಕಛೇರಿಗಳ ಮೋರ್ಸಿಂಗ್ ಅದೇ ಕುಲದ್ದು. 1591ರಲ್ಲಿ ಪ್ರಕಟವಾದ, ಸ್ಕಾಟ್‌ಲೆಂಡಿನ ನಾರ್ತ್ ಬೆರಿಕ್ ಊರಿನ ಮಾಟಗಾತಿಯರ ವಿಚಾರಣೆಯ ವರದಿಯ ಪ್ರಕಾರ, ಆರೋಪಿ ಗೀಲಿಸ್ ಡಂಕನ್‌ಳನ್ನು ಅರಸ ಆರನೆಯ ಜೇಮ್ಸ್ ಕರೆಸಿ, ಈ ಪುಟ್ಟ ಟ್ರಂಪನ್ನು ತನ್ನೆದುರು ನುಡಿಸಲು ಹೇಳಿದ. ಪಾಪ, ಆ ಹೆಂಗಸಿಗೆ ಎಂಥ ವೇದಿಕೆ.

ಕಹಳೆಗಾರನನ್ನು ಸೂಚಿಸುವ ‘ಟ್ರಂಪೂರ್’ ಬಗ್ಗೆ ಮಾತ್ರ ಎಚ್ಚರ: ಆ ಪದಕ್ಕೆ ಮೋಸಗಾರ ಎಂಬ ಅರ್ಥವೂ ಇದೆ.