ಮನೆ ಆಫೀಸಿಗೆ ಗೋಡೆಯೊಳಗೆ ನೆಟ್‌ವರ್ಕ್ ಕೇಬಲ್ ಹಾಕಿಸಿದವರು ಸ್ವಲ್ಪ ಹೇಳಿ

ಕೇಳಿದವರು, ಮೈಸೂರು:
ಮಹಡಿ ಕೋಣೆಯನ್ನು ಆಫೀಸ್ ಮಾಡಿಕೊಳ್ಳುತ್ತಿದ್ದೇನೆ. ರೂಟರ್ ಕೆಳಗೆ ಹಾಲ್‌ನಲ್ಲಿದೆ. ನಡುವೆ ಆರ್‌ಸಿಸಿ ಸ್ಲ್ಯಾಬ್, ವೈಫೈ ಮೇಲೆ ಬರುವಷ್ಟರಲ್ಲಿ ಸುಸ್ತಾಗಿರುತ್ತೆ. ಮುಂದಿನ ವಾರ ಪ್ಲಾಸ್ಟರಿಂಗ್. ‘ಕರೆಂಟ್ ಪೈಪಲ್ಲೇ ಎಳೆದುಬಿಡೋಣ ಸರ್’ ಅಂತಾರೆ ಎಲೆಕ್ಟ್ರಿಷಿಯನ್. ಒಪ್ಪಬಹುದಾ? ಯಾವ ಕೇಬಲ್ ತರಲಿ, ಎಷ್ಟು ಪಾಯಿಂಟ್ ಬೇಕು?

ಹಾಸನದಿಂದ, ವೈರಿಂಗ್ ಕೆಲಸದವರು:
ಬೇಡವೇ ಬೇಡ ಸರ್. 230 ವೋಲ್ಟ್ ವೈರಿನ ಸಿಪ್ಪೆ ಎಲ್ಲೋ ಒಂದು ಕಡೆ ಕಿತ್ತರೆ ಕರೆಂಟ್ ನೇರ ನಿಮ್ಮ ಕಂಪ್ಯೂಟರಿಗೇ ಬರಬಹುದು. ಬೇರೆ ಪೈಪ್ ಹಾಕಿಸಿ, 25 ಎಂಎಂ. ಕರೆಂಟ್ ಪೈಪಿನಿಂದ ಒಂದು ಗೇಣು ದೂರ ಇರಲಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ. ಮೂಲೆಯಲ್ಲಿ ಎಲ್ಬೋ ಬೇಡ, ಉದ್ದ ಬೆಂಡ್ ಹಾಕಿಸಿ. ಎಲ್ಬೋದಲ್ಲಿ ಕೇಬಲ್ ಸಿಕ್ಕಿಕೊಂಡರೆ ಕೇಬಲ್ ಎಳೆಯುವ ಸ್ಪ್ರಿಂಗ್ ಕೂಡ ಹೋಗಲ್ಲ.

ಇನ್ನೊಂದು ಮಾತು. ಈಗ ಪೈಪ್ ಮಾತ್ರ ಹಾಕಿಸಿ, ಆಮೇಲೆ ಕೇಬಲ್ ಎಳೆಯಲು ಒಳಗೆ ಒಂದು ನೈಲಾನ್ ದಾರ ಬಿಡಿ. ಬಾಕ್ಸಿನ ಬಾಯಿಗೆ ಸಿಮೆಂಟ್ ಚೀಲದ ಕಾಗದ ತುರುಕಿಸಿ, ಇಲ್ಲದಿದ್ದರೆ ಗಾರೆ ಒಳಗೆ ಇಳಿಯುತ್ತೆ. ಕೇಬಲ್ ಎಳೆಯುವುದು ಬಣ್ಣ ಆದಮೇಲೆ. ನಾಳೆ ಬೇರೆ ಕೇಬಲ್ ಬೇಕಾದರೂ ಗೋಡೆ ಒಡೆಯಬೇಕಾಗಿಲ್ಲ.

ಬೆಂಗಳೂರಿನಿಂದ:
ಮನೆಗೆ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ ಸಾಕು. 100 ಮೀಟರಿನವರೆಗೆ ಸೆಕೆಂಡಿಗೆ 1 ಗಿಗಾಬಿಟ್, 55 ಮೀಟರ್ ಒಳಗಿದ್ದರೆ 10 ಗಿಗಾಬಿಟ್‌ವರೆಗೂ ಓಡುತ್ತೆ. ಕ್ಯಾಟ್ 6ಕ್ಕಿಂತ ದೊಡ್ಡ ನಂಬರ್ ಹೇಳಿ ಜಾಸ್ತಿ ದುಡ್ಡು ಕೇಳಿದರೆ ಸುಮ್ನೆ ನಕ್ಕುಬಿಡಿ.

ನೋಡಬೇಕಾದ್ದು ತಾಮ್ರವನ್ನು. ಅಗ್ಗದ ಕೇಬಲ್‌ಗಳಲ್ಲಿ ಸಿಸಿಎ ಅಂತ ಬರುತ್ತೆ, ಅಂದರೆ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದು ಬೇಗ ಮುರಿಯುತ್ತೆ. ಕ್ಯಾಮೆರಾಗೋ ಆಕ್ಸೆಸ್ ಪಾಯಿಂಟಿಗೋ (ವೈಫೈ ಹರಡುವ ಪೆಟ್ಟಿಗೆ) ಅದೇ ಕೇಬಲಲ್ಲಿ ಪವರ್ ಕಳಿಸಿದರೆ ಬಿಸಿಯೂ ಜಾಸ್ತಿ.

ಪಾಯಿಂಟ್ ಲೆಕ್ಕ: ಮೇಜಿನ ಹತ್ತಿರ ಎರಡು, ಸೀಲಿಂಗಲ್ಲಿ ಆಕ್ಸೆಸ್ ಪಾಯಿಂಟಿಗೆ ಒಂದು. ರೂಟರ್ ಕಡೆ ಇನ್ವರ್ಟರ್ ಲೈನಿನ ಪ್ಲಗ್ ಇದೆಯಾ ನೋಡಿಕೊಳ್ಳಿ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಒಂದೇ ಓಡಿದರೆ ಏನು ಪ್ರಯೋಜನ, ಅಲ್ವಾ?

ಕೇಳಿದವರು:
ಗೋಡೆಗೆ ಸಾಕೆಟ್ ಯಾಕೆ? ಕೇಬಲ್ ತುದಿಗೇ ಪ್ಲಗ್ ಹೊಡೆಸಿ ಬಿಟ್ಟರೆ ಆಗಲ್ವಾ?

ಹುಬ್ಬಳ್ಳಿಯಿಂದ, ನೆಟ್‌ವರ್ಕ್ ಕೆಲಸದವರು:
ಗೋಡೆಗೆ ಹಾಕುವ ಕೇಬಲಲ್ಲಿ ಒಂದೊಂದು ಎಳೆಯೂ ಒಂಟಿ ಗಟ್ಟಿ ತಂತಿ ಸರ್. ದಿನಾ ಎಳೆದಾಡಿದರೆ ಒಳಗೇ ತುಂಡಾಗುತ್ತೆ. ಅದು ಗೋಡೆಯ ಸಾಕೆಟ್, ಅಂದರೆ ಜ್ಯಾಕಿನಲ್ಲಿ ನಿಲ್ಲಲಿ, ಅಲ್ಲಿಂದ ಲ್ಯಾಪ್‌ಟಾಪಿಗೆ ಮೆತ್ತನೆ ತುಂಡು ಕೇಬಲ್, ಅಂದರೆ ಪ್ಯಾಚ್ ಕಾರ್ಡ್. ಮಾಡ್ಯುಲರ್ ಸ್ವಿಚ್ ಪ್ಲೇಟಿಗೇ ಕೂರುವ ನೆಟ್‌ವರ್ಕ್ ಜ್ಯಾಕ್ (ಆರ್‌ಜೆ45) ಸಿಗುತ್ತೆ.

ಜೋಡಿಸುವಾಗ ಜ್ಯಾಕಿನ ಪಕ್ಕದಲ್ಲಿ ಎ, ಬಿ ಅಂತ ಎರಡು ಬಣ್ಣದ ಸಾಲು ಇರುತ್ತೆ. ಎರಡೂ ತುದಿಗೆ ಬಿ ಸಾಲನ್ನೇ ಹಿಡಿಯಿರಿ. ಪ್ಲಗ್ಗಿನ ಬಣ್ಣದ ಕ್ರಮ ನೆನಪಿಟ್ಟುಕೊಂಡು ಜ್ಯಾಕಿಗೆ ಹಾಕಲು ಹೋಗಬೇಡಿ, ಅಲ್ಲಿ ಜಾಗ ಬೇರೆ ಇರುತ್ತೆ. ಜೋಡಿ ತಂತಿಯ ಹುರಿ ಬಿಚ್ಚುವುದು 13 ಎಂಎಂಗಿಂತ ಜಾಸ್ತಿ ಬೇಡ, ಸುಮಾರು ಕಿರುಬೆರಳಿನ ಉಗುರಿನಷ್ಟು. ತಂತಿಯನ್ನು ಜ್ಯಾಕಿಗೆ ಕೂರಿಸುವ ಪಂಚ್ ಡೌನ್ ಟೂಲ್ ಒತ್ತಿದಾಗ ‘ಟಕ್’ ಅನ್ನಬೇಕು, ಹೊರಗೆ ಉಳಿದ ಚೂರು ತಾನೇ ಕತ್ತರಿಸಿ ಬೀಳಬೇಕು. ಸ್ಕ್ರೂಡ್ರೈವರಿನಲ್ಲಿ ಒತ್ತುವವರನ್ನು ತಡೆಯಿರಿ.

ಆಮೇಲೆ ಕಂಪ್ಯೂಟರಲ್ಲಿ ಕೇಬಲಿನ ಲಿಂಕ್ ಸ್ಪೀಡ್ ನೋಡಿ. 1000 ಎಂಬಿಪಿಎಸ್ (1 ಗಿಗಾಬಿಟ್) ಬರಬೇಕಾದ್ದು 100ಕ್ಕೆ ನಿಂತಿದ್ದರೆ ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಬೇಡಿ. ನೂರಕ್ಕೆ ಎರಡು ಜೋಡಿ ತಂತಿ ಸಾಕು, ಸಾವಿರಕ್ಕೆ ನಾಲ್ಕೂ ಬೇಕು. ಹೆಚ್ಚಾಗಿ ಎಲ್ಲೋ ಒಂದು ಎಳೆ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಮೊದಲು ಎರಡು ಕಡೆಯ ಜ್ಯಾಕ್ ಬಿಚ್ಚಿ ಇನ್ನೊಮ್ಮೆ ಪಂಚ್ ಮಾಡಿ.

ಪುತ್ತೂರಿನಿಂದ:
ಅಂಗಳದಾಚೆ ಇನ್ನೊಂದು ಕಟ್ಟಡಕ್ಕೂ ಎಳೆಯುವವರಿಗೆ ಒಂದು ಮಾತು: ಅಲ್ಲಿಗೆ ತಾಮ್ರ ಬೇಡ, ಫೈಬರ್ ಹಾಕಿ. ನಮ್ಮ ಕಡೆ ಸಿಡಿಲಿಗೆ ರೂಟರ್, ಟಿವಿ ಎಲ್ಲಾ ಒಟ್ಟಿಗೆ ಸುಟ್ಟ ಮನೆಗಳಿವೆ. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಒಳಗೆ ಲೋಹದ ತಂತಿ ಇಲ್ಲದ ಫೈಬರನ್ನೇ ಕೇಳಿ ತನ್ನಿ.

ದಾವಣಗೆರೆಯಿಂದ:
ನಮ್ಮದು ಬಾಡಿಗೆ ಮನೆ, ಗೋಡೆ ಮುಟ್ಟುವ ಹಾಗಿಲ್ಲ. ಬಾಗಿಲ ಚೌಕಟ್ಟಿನ ಪಕ್ಕ ಅಂಟಿಸುವ ಪಿವಿಸಿ ಪಟ್ಟಿಯೊಳಗೆ ಕೇಬಲ್ ಹಾಕಿ ಓಡಿಸಿದ್ದೇವೆ. ಓನರ್ ಆಂಟಿ ಬಂದು ನೋಡಿದರು, ‘ಖಾಲಿ ಮಾಡುವಾಗ ಗಮ್ ತೆಗೆಸಿ ಹೋಗಿ’ ಅಂದರು ಅಷ್ಟೇ.

ಕೇಳಿದವರು:
ಬೇರೆ ಪೈಪಿಗೆ ಎಲೆಕ್ಟ್ರಿಷಿಯನ್ ಒಪ್ಪಿದರು, ಗೊಣಗಿಕೊಂಡೇ. ದಾರವನ್ನು ನಾನೇ ತಂದುಕೊಡಬೇಕಂತೆ.