20 ಸೆಲ್ ಬ್ರೈಲ್ ಡಿಸ್‌ಪ್ಲೇಗೆ ಯಾವ ಲ್ಯಾಪ್‌ಟಾಪ್? ವಿಂಡೋಸೋ, ಮ್ಯಾಕೋ, ಲಿನಕ್ಸೋ, ಅನುಭವ ಹೇಳ್ರಿ

ಕೇಳಿದವರು, ಬಾಗಲಕೋಟೆ ನವನಗರ:
20 ಸೆಲ್‌ನ ಬ್ರೈಲ್ ಡಿಸ್‌ಪ್ಲೇ ಐತಿ, ಅಂದ್ರ ಪರದೆಯ ಅಕ್ಷರ ಒಮ್ಮೆಗೆ 20 ಕೋಶದಾಗ ಚುಕ್ಕಿಯಾಗಿ ಬೆರಳಿಗೆ ಏಳಿಸೂ ಯಂತ್ರ. ಹಳೇ ಲ್ಯಾಪ್‌ಟಾಪ್ ವಿಂಡೋಸ್ 10ರಾಗ ನಿಂತೈತಿ, ಹೊಸಾದು 45,000ದ ಒಳಗ ಬೇಕು. ಕನ್ನಡದ ಕಚೇರಿ ಪತ್ರಗಳೇ ಜಾಸ್ತಿ. ಧ್ವನಿ ಬಂದ್ ಇಟ್ಟು ಬರೇ ಬೆರಳಿನಿಂದ ಓದತೀನಿ. ಯಾವುದು ತಗೊಳ್ಳಲಿ?

ವಿಜಯಪುರದಿಂದ:
ವಿಂಡೋಸ್ 11, ಮ್ಯಾಲೆ ಎನ್‌ವಿಡಿಎ ಅನ್ನೂ ಪರದೆ ಓದೂ ತಂತ್ರಾಂಶ. ಮುಗೀತು. ನಂದು ಸೆಕೆಂಡ್ ಹ್ಯಾಂಡ್, 8ನೇ ತಲೆಮಾರಿನ ಐ5, 21,500. ಅದರ ಕೆಳಗಿಂದು ತಗೋಬ್ಯಾಡ್ರಿ, 11 ಹತ್ತೂದಿಲ್ಲ. 10ಕ್ಕ 2025ರ ಅಕ್ಟೋಬರ್ 14ಕ್ಕ ಬೆಂಬಲ ಮುಗದೈತಿ. 8 ಜಿಬಿ ರ‍್ಯಾಮ್ 1,700, ಬ್ಯಾಟರಿ 2,400. ಒಟ್ಟು 25,600. ಎನ್‌ವಿಡಿಎಗೆ ಒಂದು ರೂಪಾಯಿ ಇಲ್ಲ.

ಆದ್ರ ಮೂರು ಕಡೆ ಕೈ ಕೊಡತೈತಿ. ಒಂದು, ಅಂಗಡಿಯವ ವಿಂಡೋಸ್‌ನದೇ ಪರದೆ ಓದುಗ ನರೇಟರ್‌ದಾಗ ಹಳೇ ನಮೂನಿ ಬ್ರೈಲ್ ಹಾಕಿದ್ರ ಅದು ಯುಎಸ್‌ಬಿಗೆ ತನ್ನ ಡ್ರೈವರ್ ಕೂಡಿಸಿಬಿಡತೈತಿ, ಆಮ್ಯಾಲೆ ಎನ್‌ವಿಡಿಎಗೆ ಡಿಸ್‌ಪ್ಲೇ ಕಾಣೂದಿಲ್ಲ. ಡಿವೈಸ್ ಮ್ಯಾನೇಜರ್‌ದಾಗ ಲಿಬ್‌ಯುಎಸ್‌ಬಿ ಸಾಲಿನ ಕೆಳಗ ಹುಡುಕಿ, ಅಪ್‌ಡೇಟ್ ಡ್ರೈವರ್ ಒತ್ತಿ, ಪಟ್ಟಿಯಿಂದ ಹಳೇ ಡ್ರೈವರ್ ಕೈಯಾರೆ ಆರಿಸ್ರಿ. ನನಗ ಇದಕ್ಕ ಎರಡು ದಿನ, ರಿಪೇರಿಯವಗ 600.

ಎರಡು, ಲಾಗಿನ್ ಪರದೆ. ಜನರಲ್ ಸೆಟ್ಟಿಂಗ್‌ದಾಗ ಸೈನ್-ಇನ್‌ಗೆ ಎನ್‌ವಿಡಿಎ ಅಂತ ಟಿಕ್ ಮಾಡಿದ್ರ ಸಾಲೂದಿಲ್ಲ, ಅದರ ಕೆಳಗಿನ ಬಟನ್ ಒತ್ತಿ ಈಗಿನ ಸೆಟ್ಟಿಂಗ್ ನಕಲು ಮಾಡಬೇಕು. ಇಲ್ಲಂದ್ರ ಪಾಸ್‌ವರ್ಡ್ ಜಾಗಾದಾಗ ನಿಮ್ಮ ಬ್ರೈಲ್ ಟೇಬಲ್, ಅಂದ್ರ ಅಕ್ಷರಾನ ಚುಕ್ಕಿಗೆ ತಿರುಗಿಸೂ ಪಟ್ಟಿ, ಇರೂದಿಲ್ಲ. ಮೂರು, ಲ್ಯಾಪ್‌ಟಾಪ್ ಮಲಗಿ ಎದ್ದಮ್ಯಾಲೆ ಡಿಸ್‌ಪ್ಲೇ ಸತ್ತಿರತೈತಿ. ಯುಎಸ್‌ಬಿ ರೂಟ್ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್‌ದಾಗ ವಿದ್ಯುತ್ ಉಳಿಸಲಿಕ್ಕೆ ಬಂದ್ ಮಾಡೂ ಟಿಕ್ ತಗೀರಿ. ಎಲ್ಲಾ ಹಬ್ಬಿಗೂ, ಒಂದೊಂದಾಗಿ.

ಬೆಳಗಾವಿ, ತಿಳಕವಾಡಿಯಿಂದ:
ಮೂರು ಕಡೆ ಕೈ ಕೊಟ್ಟಿದ್ದಕ್ಕೂ "ಮುಗೀತು" ಅಂತೀರಲ್ರಿ. ಮ್ಯಾಕ್‌ನಲ್ಲಿ ವಾಯರ್ ಚುಚ್ಚಿ, ಕಮಾಂಡ್-ಎಫ್5 ಒತ್ತಿದರೆ ಅದರದೇ ಪರದೆ ಓದುಗ ವಾಯ್ಸ್‌ಓವರ್ ಏಳುತ್ತದೆ, ಡಿಸ್‌ಪ್ಲೇ ತಾನೇ ಹಿಡಿಯುತ್ತದೆ. ಡ್ರೈವರ್ ಎಂಬ ಮಾತೇ ಇಲ್ಲ. 20 ಸೆಲ್ ಇದ್ದವರು ಮೊದಲು ಮಾಡಬೇಕಾದದ್ದು ಒಂದೇ: ವಾಯ್ಸ್‌ಓವರ್ ಯುಟಿಲಿಟಿ, ಬ್ರೈಲ್, ಲೇಔಟ್‌ಗೆ ಹೋಗಿ ಸ್ಥಿತಿ ತೋರಿಸಲು ಜಾಗ ತಿನ್ನುವ ಸ್ಟೇಟಸ್ ಸೆಲ್‌ಗಳನ್ನು ತೆಗೆಯಿರಿ. 40 ಸೆಲ್‌ನವರಿಗೆ ಅದರ ನೋವು ತಿಳಿಯುವುದಿಲ್ಲ. 20ರಲ್ಲಿ ಪ್ರತಿ ಸೆಲ್ಲೂ ಒಂದು ಅಕ್ಷರ.

ಖರ್ಚು ಸುಳ್ಳು ಹೇಳುವುದಿಲ್ಲ. ಹಳೆಯ ಎಂ1 ಏರ್ 46,000, ಡಿಸ್‌ಪ್ಲೇ ವಾಯರ್ ಹಳೇ ಯುಎಸ್‌ಬಿ ಆದ್ದರಿಂದ ಹಬ್ 950. ಮೊದಲ ಹಬ್ 350ರದ್ದು, ಹತ್ತು ನಿಮಿಷಕ್ಕೊಮ್ಮೆ ಸಂಪರ್ಕ ಬಿಡುತ್ತಿತ್ತು, ಕಸದ ಬುಟ್ಟಿಗೆ. ರ‍್ಯಾಮ್ ಬೋರ್ಡಿಗೇ ಬೆಸೆದಿದ್ದು, ನಾಳೆ ಏರಿಸಲು ಬರುವುದಿಲ್ಲ.

ವಿಜಯಪುರದಿಂದ:
46,000ದಾಗ ನಾ ಒಂದು ಲ್ಯಾಪ್‌ಟಾಪ್ ತಗೊಂಡು 20,400 ಉಳಿಸೇನಿ. ಅವರ ಲೆಕ್ಕ 45,000, ಓದೀರಿ ಇಲ್ಲೋ?

ಬಾಗಲಕೋಟೆ, ವಿದ್ಯಾಗಿರಿಯಿಂದ:
ಇಬ್ಬರೂ ಸುಮ್ನಿರ್ರಿ. ಕಣ್ಣಿದ್ದವರು ಪಕ್ಕಕ್ಕ ಇಲ್ಲದ ವಿಂಡೋಸ್ ಹೊಸದಾಗಿ ಕೂಡಿಸೀರಿ ಒಮ್ಮೆರೆ, ಬರೇ ಬ್ರೈಲ್ ಮ್ಯಾಲೆ? ಡೆಬಿಯನ್ ಲಿನಕ್ಸ್‌ನ ಪೆನ್‌ಡ್ರೈವ್ ಹಾಕಿ, ಯುಎಸ್‌ಬಿ ಡಿಸ್‌ಪ್ಲೇ ಮೊದಲೇ ಚುಚ್ಚಿ ಚಾಲೂ ಮಾಡಿದ್ರ ಇನ್‌ಸ್ಟಾಲರೇ ಬೆರಳಿಗೆ ಮಾತಾಡತೈತಿ. ಅದರ ಬ್ರೈಲ್ ತಂತ್ರಾಂಶ ಬಿಆರ್‌ಎಲ್‌ಟಿಟಿವೈ ಪಠ್ಯದ ಕನ್ಸೋಲ್‌ದಾಗೇ ಓಡತೈತಿ, ಚಿತ್ರದ ಪರದೆ ಬಿದ್ದರೂ ಬ್ರೈಲ್ ಬೀಳೂದಿಲ್ಲ. ಮಶೀನ್ ಏಳೂಕಿಂತ ಮೊದಲಿನ ಬಯಾಸ್ ಸೆಟ್ಟಿಂಗ್ ಪರದೆ ಮಾತ್ರ ಅಲ್ಲೂ ಮೂಕ.

ಡೆಸ್ಕ್‌ಟಾಪ್‌ನಾಗ ಪರದೆ ಓದುಗ ಓರ್ಕಾ ಬ್ರೈಲ್ ಕೊಡಲಿಲ್ಲಂದ್ರ ನಿಮ್ಮ ಬಳಕೆದಾರ ಹೆಸರು ಬ್ರಲ್‌ಎಪಿಐ ಗುಂಪಿನಾಗ (ಬ್ರೈಲ್ ಬಳಸಲಿಕ್ಕೆ ಅನುಮತಿ ಇದ್ದವರ ಗುಂಪು) ಐತೋ ಇಲ್ಲೋ ನೋಡ್ರಿ. ಸೇರಿಸಿ ಲಾಗೌಟ್ ಮಾಡಿ ಒಳಗ ಬರ್ರಿ, ಬರೇ ಓರ್ಕಾ ಬಂದ್-ಚಾಲೂ ಮಾಡಿದ್ರ ಹತ್ತೂದಿಲ್ಲ.

ಬೆಳಗಾವಿ, ತಿಳಕವಾಡಿಯಿಂದ:
ಅದೇ ಬಿಆರ್‌ಎಲ್‌ಟಿಟಿವೈ ಉಬುಂಟು ಲಿನಕ್ಸ್ 22.04ರಲ್ಲಿ ಸಿಎಚ್340 ಎಂಬ ಯುಎಸ್‌ಬಿ ಚಿಪ್ ಇದ್ದ ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡುಗಳನ್ನೂ ಬ್ರೈಲ್ ಡಿಸ್‌ಪ್ಲೇ ಅಂತ ಹಿಡಿದು ಕೂತಿತ್ತು. ಕಣ್ಣಿದ್ದವರೆಲ್ಲ ಅದನ್ನು ಕಿತ್ತು ಹಾಕುವ ಸಲಹೆ ಬರೆದಿಟ್ಟಿದ್ದಾರೆ. ಯಾರೋ ಹುಡುಗ ಅದನ್ನು ಓದಿ ನಿಮ್ಮ ಮಶೀನಿನಲ್ಲೂ ಕಿತ್ತರೆ?

ಬಾಗಲಕೋಟೆ, ವಿದ್ಯಾಗಿರಿಯಿಂದ:
ನನ್ನ ಮಶೀನಿಗೆ ಯಾವ ಹುಡುಗನ್ನೂ ಮುಟ್ಟಗೊಡೂದಿಲ್ಲ ನಾ.

ವಿಜಯಪುರದಿಂದ:
ಲಿನಕ್ಸ್‌ನವರ ಹಟ ಬಿಡ್ರಿ. ಕಚೇರಿ ಪತ್ರ ಅಂದಾರ ಅವರು. ನುಡಿ ಫಾಂಟಿನ ಹಳೇ ಫೈಲ್ ಬಂದ್ರ ಏನು ಮಾಡತೀರಿ? ನಾ ಮೂರು ವಾರ ಟೇಬಲ್ ತಪ್ಪು ಅಂತ ತಿರುವಿ ತಿರುವಿ ನೋಡೀನಿ. ತಪ್ಪು ಫೈಲಿಂದು. ಒಳಗ ಇರೂದು ಇಂಗ್ಲಿಷ್ ಅಕ್ಷರ, ಮ್ಯಾಲೆ ಕನ್ನಡದ ಅಂಗಿ. ಬ್ರೈಲಿಗೆ ಅಂಗಿ ಕಾಣೂದಿಲ್ಲ.

ಬೆಳಗಾವಿ, ತಿಳಕವಾಡಿಯಿಂದ:
ಅದು ಮೂರಕ್ಕೂ ಒಂದೇ ರೋಗ, ವಿಂಡೋಸ್‌ನ ಹೆಚ್ಚುಗಾರಿಕೆ ಏನು ಬಂತು?

ವಿಜಯಪುರದಿಂದ:
ನುಡಿಯನ್ನ ಯೂನಿಕೋಡ್ ಮಾಡೂ ಪರಿವರ್ತಕ ವಿಂಡೋಸ್‌ದಾಗ ಸಸಾರ ಓಡತೈತಿ, ಅದು ಹೆಚ್ಚುಗಾರಿಕೆ.

ಬಾಗಲಕೋಟೆ, ವಿದ್ಯಾಗಿರಿಯಿಂದ:
ಓಡತೈತಿ, ಅರ್ಕಾವತ್ತು ತಪ್ಪತೈತಿ. ನುಡಿಯೊಳಗ ಅರ್ಕಾವತ್ತು ಅಕ್ಷರ ಆದಮ್ಯಾಲೆ ಬರತೈತಿ, ಯೂನಿಕೋಡ್‌ನಾಗ ರ್ ಮೊದಲು. ಪರಿವರ್ತನೆ ಆದಮ್ಯಾಲೆ "ಕಾರ್ಯ" ಅನ್ನೂದನ್ನ ಬೆರಳಿಂದ ನೋಡ್ರಿ: 13, 345, 4, 1235, 13456 ಬರಬೇಕು, ಒಂದೊಂದು ಸಂಖ್ಯೆ ಒಂದೊಂದು ಸೆಲ್‌ನಾಗ ಎದ್ದ ಚುಕ್ಕಿಗಳು. ಹಲಂತದ (ಅರ್ಧಾಕ್ಷರದ ಗುರುತು) 4ನೇ ಚುಕ್ಕಿ 1235ಕ್ಕಿಂತ ಮೊದಲು. ಅದು 13456 ಆದಮ್ಯಾಲೆ ಬಿತ್ತಂದ್ರ ಇಡೀ ಫೈಲ್ ಮತ್ತ ನೋಡಬೇಕು.

ವಿಜಯಪುರದಿಂದ:
ಹಲಂತ ವ್ಯಂಜನದ ಮುಂದ ಬರತೈತಿ ಅನ್ನೂದು ನನಗ ಕಲಿಸಬ್ಯಾಡ್ರಿ.

ಬಾಗಲಕೋಟೆ, ವಿದ್ಯಾಗಿರಿಯಿಂದ:
ಗೊತ್ತಿದ್ರ ಮೂರು ವಾರ ಯಾಕ ಟೇಬಲ್ ತಿರುವಿದ್ರಿ?

ಕೇಳಿದವರು, ಬಾಗಲಕೋಟೆ ನವನಗರ:
ನೋಡಿದೆ ಅಣ್ಣಾರ. 13, 345, 13456, ಆಮ್ಯಾಲೆ ಏನೋ ಒಂದು ಬಂತು. 1235 ಎಲ್ಲೂ ಇಲ್ಲ. ಅಂದ್ರ ಇದು ಇನ್ನೂ ಯೂನಿಕೋಡ್ ಆಗಿಲ್ಲೇನು, ಅರ್ಧ ಆಗೇತೇನು?