ಬಜೆ ಅಣೆಕಟ್ಟಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಗೊತ್ತಿದ್ದವರು ಹೇಳಿ

ಡಿಸೆಂಬರ್ ಕೊನೆಗೆ ಬೆಂಗಳೂರಿನಿಂದ ಉಡುಪಿ ಹತ್ತಿರದ ಹಿರಿಯಡ್ಕಕ್ಕೆ, ಅಮ್ಮನ ಮನೆಗೆ ಬರುತ್ತಿದ್ದೇವೆ. ಮಕ್ಕಳಿಗೆ 9 ಮತ್ತು 14 ವರ್ಷ. ದೊಡ್ಡವನು ಅಪಾರ್ಟ್‌ಮೆಂಟಿನ ಪೂಲ್‌ನಲ್ಲಿ ಚೆನ್ನಾಗಿಯೇ ಈಜುತ್ತಾನೆ. ಬಜೆ ಡ್ಯಾಮಿನ ಹತ್ತಿರ ಬುತ್ತಿ ಕಟ್ಟಿಕೊಂಡು ಹೋಗೋಣ, ಸ್ವಲ್ಪ ನೀರಿಗೂ ಇಳಿಯೋಣ ಅಂತ ಇಬ್ಬರದ್ದೂ ಹಟ. ನಾನು ಚಿಕ್ಕವಳಿದ್ದಾಗ ನಮ್ಮನ್ನು ಆ ಕಡೆ ಬಿಡುತ್ತಿರಲಿಲ್ಲ. ಯಾಕೆ ಅಂತ ಯಾರೂ ಹೇಳಿರಲಿಲ್ಲ. ನಿಮ್ಮ ಅನುಭವ ಏನು?

ಪರ್ಕಳದಿಂದ

ನೋಡಲು ಧಾರಾಳವಾಗಿ ಹೋಗಿ. ಡಿಸೆಂಬರಿನಲ್ಲಿ ಸ್ವರ್ಣಾ ನದಿ ಹಸಿರು ಕನ್ನಡಿ ಹಾಗೆ ನಿಂತಿರುತ್ತದೆ, ಸಂಜೆಯಂತೂ ತುಂಬಾ ಚೆಂದ. ಆದರೆ ನೀರಿಗೆ ಇಳಿಯುವ ಮಾತು ಬೇಡ. ಉಡುಪಿ ನಗರಕ್ಕೆ ಬರುವುದು ಅದೇ ನೀರು. ನಾವು ಕುಡಿಯುವುದು ಮಾರಾಯ್ರೆ! 2019ರ ಮೇ ತಿಂಗಳಲ್ಲಿ ಬಜೆಯ ತಳ ಕಂಡಿತ್ತು. ಆಗ ನಾವು ಕೊಡ ಹಿಡಿದು ಟ್ಯಾಂಕರ್ ಕಾದವರು. ಅಲ್ಲಿ ಚಿಪ್ಸ್ ಪ್ಯಾಕೆಟ್ ತೇಲುವುದು ಕಂಡರೆ ಈಗಲೂ ಸಿಟ್ಟು ಬರುತ್ತದೆ. ಇನ್ನೊಂದು, ಪಂಪ್‌ಹೌಸ್ ಕಡೆ ಕಾವಲಿನವರು ಇದ್ದರೆ ಕೇಳಿಯೇ ಒಳಗೆ ಹೋಗಿ. ಸುಮ್ನೆ ಜಗಳ ಬೇಡ.

ಬಂಟ್ವಾಳದಿಂದ, ನೇತ್ರಾವತಿ ಬದಿಯ ಮನೆಯವನು

ನಿಮ್ಮನ್ನು ಯಾಕೆ ಬಿಡುತ್ತಿರಲಿಲ್ಲ ಅಂತ ಕೇಳಿದಿರಲ್ಲ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಣೆಕಟ್ಟಿನ ಹತ್ತಿರ ಹೆಚ್ಚಿನವರು ಹೆದರುವುದು ಮೇಲ್ಗಡೆಯ ಆಳಕ್ಕೆ. ನಮಗೆ ಪೆಟ್ಟು ಬಿದ್ದದ್ದು ಕೆಳಗಡೆ, ಮೊಣಕಾಲಿಗಿಂತ ಕಡಿಮೆ ನೀರಿನಲ್ಲಿ. ನಾನಾಗ ಕಾಲೇಜಿನಲ್ಲಿದ್ದೆ. ನಮ್ಮೂರ ಹತ್ತಿರದ ಒಂದು ಕಿಂಡಿ ಅಣೆಕಟ್ಟು, ಅಂದರೆ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಸಣ್ಣ ಕಟ್ಟೆ. ಹಲಗೆ ಮೇಲಿಂದ ತೆಳ್ಳಗೆ ನೀರು ಇಳಿಯುತ್ತಿತ್ತು, ಕೆಳಗೆ ಅಗಲವಾದ ಕಾಂಕ್ರೀಟು ಹಾಸು. ಅಂಗಳದ ಹಾಗೆ ಕಾಣುತ್ತದೆ, ಯಾರಿಗಾದರೂ ನಡೆಯುವ ಅಂತಲೇ ಅನ್ನಿಸಬೇಕು. ಚಿಕ್ಕಪ್ಪನ ಮಗ ಚಪ್ಪಲಿ ತೆಗೆದು ಹೊರಟ. ಆ ಹಾಸಿನ ಮೇಲೆ ಪಾಚಿ ಹೇಗೆ ಕಟ್ಟಿರುತ್ತದೆ ಅಂದರೆ, ಮಳೆಗಾಲದಲ್ಲಿ ಬಚ್ಚಲ ಹೊರಗಿನ ಕಲ್ಲು ನೆನಪಿಸಿಕೊಳ್ಳಿ. ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಕುಳಿತ ಭಂಗಿಯಲ್ಲೇ ಜಾರಿಕೊಂಡು ಹೋಗಿ ಹಾಸು ಮುಗಿಯುವಲ್ಲಿನ ಗುಂಡಿಗೆ ಬಿದ್ದ.

ಅಲ್ಲಿ ಗುಂಡಿ ಇದ್ದೇ ಇರುತ್ತದೆ. ಮಳೆಗಾಲದ ನೀರು ರಭಸದಲ್ಲಿ ಧುಮುಕಿ ಹಾಸಿನ ಅಂಚಿನ ಮಣ್ಣು, ಮರಳು ಕೊರೆದು ಹಾಕಿರುತ್ತದೆ. ಮೇಲಿಂದ ನೋಡಿದರೆ ನೊರೆ ಮಾತ್ರ. ಅವನಿಗೆ ಈಜು ಬರುತ್ತಿತ್ತು, ನಮ್ಮೆಲ್ಲರಿಗಿಂತ ಚೆನ್ನಾಗಿಯೇ. ಆದರೆ ಬೀಳುವ ನೀರು ಅಡಿಯಲ್ಲಿ ಹೋಗಿ ಮೇಲೆದ್ದು ಮತ್ತೆ ಗೋಡೆಯ ಕಡೆಗೇ ತಿರುಗುತ್ತದೆ. ಅವನು ಎರಡು ಕೈ ಮುಂದೆ ಬಂದರೆ ನೀರು ಒಂದೂವರೆ ಕೈ ಹಿಂದೆ ಎಳೆಯುತ್ತಿತ್ತು. ನೊರೆ ನೀರಿನಲ್ಲಿ ಗಾಳಿ ಜಾಸ್ತಿ, ಹಾಗಾಗಿ ಮೈ ತೇಲುವುದೂ ಕಡಿಮೆ. ಇದೆಲ್ಲ ನನಗೆ ಆಮೇಲೆ ಓದಿ ಗೊತ್ತಾದದ್ದು. ಆ ಹೊತ್ತಿಗೆ ಕಂಡದ್ದು ಅವನ ತಲೆ ಎರಡು ಸಲ ಮುಳುಗಿದ್ದು ಮಾತ್ರ. ಅವನು ಕೂಗಲಿಲ್ಲ. ಮುಳುಗುವವರು ಕೂಗುವುದಿಲ್ಲ, ಉಸಿರು ತೆಗೆಯುವುದಕ್ಕೇ ಪುರುಸೊತ್ತು ಇರುವುದಿಲ್ಲ.

ನಾನು ಹಾರಲು ಹೊರಟೆ. ಪಕ್ಕದ ತೋಟದವರೊಬ್ಬರು ನನ್ನ ಅಂಗಿ ಹಿಡಿದು ಹಿಂದೆ ಎಳೆದು, ಅಡಿಕೆ ಕೊಯ್ಯುವ ಉದ್ದ ಕೋಲು, ದೋಟಿ, ತಂದು ನೀರಿಗೆ ಚಾಚಿದರು. ಅವನು ಅದನ್ನು ಹಿಡಿದ. ಮಣಿಕಟ್ಟು ಮುರಿದಿತ್ತು, ಅಷ್ಟೇ. ಅವತ್ತು ದೋಟಿ ಇಲ್ಲದಿದ್ದರೆ ಮನೆಯಲ್ಲಿ ಇಬ್ಬರ ಫೋಟೋಕ್ಕೆ ಹಾರ ಬೀಳುತ್ತಿತ್ತು.

ನಿಮ್ಮ ದೊಡ್ಡ ಮಗ ಪೂಲ್‌ನಲ್ಲಿ ಈಜುತ್ತಾನೆ ಅಂದಿರಿ. ಸಣ್ಣ ಮಗುವಿಗಿಂತ ನನಗೆ ಅವನದ್ದೇ ಹೆದರಿಕೆ.

ಕಾರ್ಕಳ ಕಡೆಯಿಂದ, ಕೃಷಿಕ

ಮೇಲ್ಗಡೆಯದ್ದು ನಾನು ಹೇಳುತ್ತೇನೆ. ನಮ್ಮ ತೋಡಿನ (ಸಣ್ಣ ಹೊಳೆಯ) ಕಿಂಡಿ ಅಣೆಕಟ್ಟಿಗೆ ಪ್ರತಿ ವರ್ಷ ಮಳೆ ನಿಂತ ಮೇಲೆ ಹಲಗೆ ಹಾಕುವವರಲ್ಲಿ ನಾನೂ ಒಬ್ಬ. ಎರಡು ಸಾಲು ಹಲಗೆ, ನಡುವೆ ಮಣ್ಣು. ಮಣ್ಣು ತುಂಬುವ ಮೊದಲು ಸಂದಿನಲ್ಲಿ ನೀರು ಎಳೆಯುವುದನ್ನು ಒಮ್ಮೆ ನೋಡಬೇಕು. ಹುಲ್ಲಿನ ಕಂತೆ ಹಿಡಿದರೆ ಕೈಯಿಂದ ಕಿತ್ತುಕೊಳ್ಳುತ್ತದೆ. ಲೆಕ್ಕ ಹಾಕಿ. 4 ಮೀಟರ್ ಆಳದಲ್ಲಿ ಅಂಗೈ ಅಗಲದ ಸಂದಿಗೆ, ಅಂದರೆ 10 ಸೆಂಟಿಮೀಟರ್ ಚೌಕಕ್ಕೆ, ಸುಮಾರು 40 ಕೆಜಿ ಒತ್ತಡ. ಕಾಲು ಸಿಕ್ಕಿಕೊಂಡರೆ ಬಿಡಿಸಲು ಮನುಷ್ಯನ ಶಕ್ತಿ ಸಾಲದು. ದೊಡ್ಡ ಗೇಟು ಸ್ವಲ್ಪವೇ ಎತ್ತಿದ್ದರೂ ಹೀಗೆಯೇ. ಮೇಲ್ಮೈ ಸುಮ್ಮನಿರುತ್ತದೆ, ಸೆಳೆತ ಅಡಿಯಲ್ಲಿ.

ನಿಂತ ನೀರು ಕೆರೆ ಹಾಗೆ ಕಾಣುತ್ತದೆ, ಆದರೆ ಅದು ಕೆರೆ ಅಲ್ಲ. ಹೊಳೆಯೇ. ಅದರ ಬಾಗಿಲು ಬೇರೆಯವರ ಕೈಯಲ್ಲಿ ಉಂಟು, ಅಷ್ಟೇ ವ್ಯತ್ಯಾಸ. ಬಜೆಗಿಂತ ಮೇಲೆ ಶಿರೂರಿನಲ್ಲಿ ಇನ್ನೊಂದು ಕಟ್ಟೆ ಉಂಟು. ಅಲ್ಲಿಂದ ಯಾವಾಗ ನೀರು ಬಿಡುತ್ತಾರೆ ಅಂತ ಕೆಳಗೆ ಕುಳಿತು ಬುತ್ತಿ ಬಿಚ್ಚುವವರಿಗೆ ಹೇಗೆ ಗೊತ್ತಾಗಬೇಕು?

ದಂಡೆಯೂ ನಂಬುವ ಹಾಗಿಲ್ಲ. ಬೇಸಿಗೆಯಲ್ಲಿ ನಡೆದಾಡಿದ ಇಳಿಜಾರು ಈಗ ನೀರಿನಡಿಯಲ್ಲಿ ಇರುತ್ತದೆ. ಮರಳು ತೆಗೆದ ಕಡೆ ಸೊಂಟದ ನೀರಿನಿಂದ ಒಂದೇ ಹೆಜ್ಜೆಗೆ ಆಳು ಮುಳುಗುವ ಗುಂಡಿ. ನಮ್ಮ ತುಳುವಿನಲ್ಲಿ 'ಕಯ' ಅನ್ನುತ್ತೇವೆ. ಹಳಬರಿಗೆ ಯಾವ ಕಯ ಎಲ್ಲಿ ಅಂತ ಗೊತ್ತಿತ್ತು. ಮರಳು ತೆಗೆದ ಮೇಲೆ ಅವರ ಲೆಕ್ಕವೂ ತಪ್ಪಿದೆ.

ಕಲ್ಯಾಣಪುರದಿಂದ

ಎಲ್ಲರೂ ಸೇರಿ ಪಾಪ ಅವರನ್ನು ಹೆದರಿಸುತ್ತಿದ್ದೀರಿ. ನಾವೆಲ್ಲ ಇದೇ ಸ್ವರ್ಣೆಯಲ್ಲಿ, ಎರಡು ಒಣ ತೆಂಗಿನಕಾಯಿ ಜೋಡಿಸಿ ಎದೆಗೆ ಕಟ್ಟಿಕೊಂಡು ಈಜು ಕಲಿತವರಲ್ವಾ? ಈಗಿನ ಮಕ್ಕಳು ಹೊಳೆ ಅಂದರೆ ಸೆಲ್ಫಿ ಅಂತ ತಿಳಿದಿದ್ದಾರೆ. ನೀರಿನ ಪರಿಚಯವೇ ಇಲ್ಲದಿರುವುದು ದೊಡ್ಡ ಅಪಾಯ.

ಬಂಟ್ವಾಳದಿಂದ, ಮತ್ತೆ ನಾನೇ

ಒಪ್ಪಿದೆ. ಆದರೆ ನಾವು ಕಲಿತದ್ದು ಅಪ್ಪನೋ ಮಾವನೋ ನೀರಿನಲ್ಲಿ ನಿಂತಿದ್ದಾಗ, ಗೊತ್ತಿದ್ದ ಕಡವಿನಲ್ಲಿ. ಅಣೆಕಟ್ಟಿನ ಬುಡದಲ್ಲಿ ಯಾರೂ ಕಲಿಸಲಿಲ್ಲ. ಮತ್ತೆ ಅಪ್ಪ ಒಂದು ಮಾತು ಹೇಳುತ್ತಿದ್ದರು, ಆಕಾಶ ನೋಡಬೇಡ, ನೀರಿನ ಬಣ್ಣ ನೋಡು ಅಂತ. ನಮ್ಮಲ್ಲಿ ಬಿಸಿಲು ಇದ್ದರೂ ಸುಬ್ರಹ್ಮಣ್ಯದ ಕಡೆ ಮಳೆ ಸುರಿದರೆ ಕುಮಾರಧಾರ ತುಂಬಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ, ನಮ್ಮ ಮೆಟ್ಟಿಲಿಗೆ ಕೆಂಪು ನೀರು ಬರುತ್ತದೆ. ಬಂಟ್ವಾಳದವರಿಗೆ 1923ರ ಮತ್ತು 1974ರ ಬೊಳ್ಳದ, ಅಂದರೆ ನೆರೆಯ ಕತೆ ಕೇಳಿಯೇ ಬೆಳೆದ ಅಭ್ಯಾಸ. ನಿಮ್ಮ ಉಡುಪಿಯಲ್ಲಿ 2020ರ ಸೆಪ್ಟೆಂಬರ್ 20ರಂದು ಆದದ್ದು ನೆನಪಿದೆಯಲ್ಲ? ಮಳೆಗಾಲ ಮುಗಿಯಿತು ಅಂದುಕೊಂಡಿರುವಾಗ ಬೆಳಗಾಗುವುದರೊಳಗೆ ಮನೆಗಳಿಗೆ ನೀರು. ಡಿಸೆಂಬರಿನಲ್ಲಿ ಅಷ್ಟು ಇರಲಿಕ್ಕಿಲ್ಲ. ಆದರೂ ನೀರು ಕದಡಿತು, ಕಸಕಡ್ಡಿ ತೇಲಿ ಬಂತು ಅಂದರೆ ಬುತ್ತಿ ಬಿಟ್ಟು ಮೇಲೆ ಹತ್ತಿ.

ಮಣಿಪಾಲದಿಂದ, ನರ್ಸ್

ಎರಡೇ ಮಾತು. ಯಾರಾದರೂ ಬಿದ್ದರೆ ಹಾರಬೇಡಿ. ಹಗ್ಗ, ಕೋಲು, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಏನಾದರೂ ಎಸೆಯಿರಿ, ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ. ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು ಬೇಡವೇ ಬೇಡ. ಅದರಲ್ಲಿ ಹೋಗುವ ನಿಮಿಷ ವಾಪಸ್ ಬರುವುದಿಲ್ಲ. ಉಸಿರಾಟ ಇಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ 30 ಸಲ ಎದೆ ಒತ್ತಿ 2 ಸಲ ಉಸಿರು, ಆಂಬುಲೆನ್ಸ್ ಬರುವವರೆಗೂ ಹೀಗೆಯೇ. ಎದ್ದು ಕುಳಿತು ಚಾ ಕೇಳಿದರೂ ಆಸ್ಪತ್ರೆಗೆ ತೋರಿಸಿ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ತೊಂದರೆ ಕೆಲವು ಗಂಟೆ ಕಳೆದ ಮೇಲೂ ಶುರುವಾಗಬಹುದು.

ಮಕ್ಕಳಿಗೆ ನೀರೇ ಬೇಕೆಂದರೆ ಅಜ್ಜರಕಾಡಿನ ಈಜುಕೊಳ ಇದೆ. ಸಂಜೆಗೆ ಮಣ್ಣಪಳ್ಳ ಕೆರೆ ಸುತ್ತ ನಡೆಯಬಹುದು. ಸ್ವರ್ಣೆಯನ್ನೇ ನೋಡಬೇಕಾದರೆ ಮಣಿಪಾಲದ ಎಂಡ್ ಪಾಯಿಂಟಿನಿಂದ ನೋಡಿ, ಇಡೀ ತಿರುವು ಕಾಣುತ್ತದೆ. ನನಗಂತೂ ಡ್ಯಾಮಿಗಿಂತ ಅದೇ ಇಷ್ಟ.

ಸಾಲಿಗ್ರಾಮದಿಂದ

ಪಾರಂಪಳ್ಳಿ ಹಿನ್ನೀರಿನಲ್ಲಿ ಕಯಾಕಿಂಗ್ ಇದೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ. ಲೈಫ್ ಜಾಕೆಟ್ ಕೊಡುತ್ತಾರೆ. 14ರ ಹುಡುಗನಿಗೆ ಖಂಡಿತ ಹಿಡಿಸುತ್ತದೆ. ಜಾಕೆಟಿನ ಬಕಲ್ ನೀವೇ ಎಳೆದು ನೋಡಿ, ಸಡಿಲ ಇದ್ದರೆ ತಲೆಯ ಮೇಲಿಂದ ಜಾರಿ ಹೋಗುತ್ತದೆ.

ಕೇಳಿದವಳು, ಹಿರಿಯಡ್ಕದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೋಟಿಯ ಕತೆಯನ್ನು ದೊಡ್ಡವನಿಗೆ ಜೋರಾಗಿ ಓದಿ ಹೇಳಿದೆ. ಮೊದಲು ಮುಖ ಊದಿಸಿಕೊಂಡ, ಆಮೇಲೆ 40 ಕೆಜಿ ಲೆಕ್ಕವನ್ನು ತಾನೇ ಕಾಗದದ ಮೇಲೆ ಮಾಡಿ ನೋಡಿ ಸುಮ್ಮನಾದ. ಬೆಳಿಗ್ಗೆ ಬಜೆಗೆ ಹೋಗಿ ಮೇಲಿಂದಲೇ ನೋಡಿ ಬರುವುದು, ಬುತ್ತಿ ಮಣ್ಣಪಳ್ಳದ ಬೆಂಚಿನ ಮೇಲೆ, ಮರುದಿನ ಅಜ್ಜರಕಾಡು. ಕಯಾಕಿಂಗ್ ಬಗ್ಗೆ ಅವರಪ್ಪ ಇನ್ನೂ ಯೋಚಿಸುತ್ತಿದ್ದಾರೆ.

ತೊಂದರೆ ಆದದ್ದು ಕಲ್ಯಾಣಪುರದವರಿಂದ. ಅವರು ಬರೆದದ್ದು ಕೇಳಿ ನಮ್ಮ ಅಪ್ಪ ಅಟ್ಟದಿಂದ ಎರಡು ಒಣ ಕಾಯಿ ಇಳಿಸಿ, ಹಗ್ಗ ಕಟ್ಟಿ, ಸಣ್ಣವಳ ಎದೆಗೆ ಅಳತೆ ನೋಡಿ ಆಗಿದೆ. ಅವಳು ಅದನ್ನು ಬಿಟ್ಟು ಮಲಗುವುದಿಲ್ಲ. ಈಜುಕೊಳದೊಳಗೆ ತೆಂಗಿನಕಾಯಿ ಬಿಡುತ್ತಾರಾ, ಯಾರಿಗಾದರೂ ಗೊತ್ತಾ?